ಜುಲೈ ತಿಂಗಳಲ್ಲೂ ಓಡುವ ತಂತ್ರಾಂಶ ಯಾವುದು? ಕೊಡಗಿನ ಶಾಲೆಗಳಿಗೆ ಒಂದು ಹೋಲಿಕೆ

ಪಾಠಕ್ಕೆ ನೆರವಾಗುವ ತಂತ್ರಾಂಶಗಳಿಗೆ ಈಗ ಬರವಿಲ್ಲ. ಪ್ರತಿ ತರಬೇತಿಯಲ್ಲೂ ಒಂದು ಹೊಸ ಹೆಸರು ಕೇಳಿಬರುತ್ತದೆ, ಶಿಕ್ಷಕರ ವಾಟ್ಸಾಪ್ ಗುಂಪಿಗೆ ದಿನಕ್ಕೊಂದು ಲಿಂಕ್ ಬಂದು ಬೀಳುತ್ತದೆ. ಆದರೆ ಈ ಪಟ್ಟಿಗಳನ್ನು ಮಾಡುವವರು ಬಹುಪಾಲು ಕರೆಂಟು ಹೋಗದ, ನೆಟ್‌ವರ್ಕ್ ಕಡಿಯದ ಊರಿನವರು. ನಾಪೋಕ್ಲು, ಭಾಗಮಂಡಲ, ಶಾಂತಳ್ಳಿ, ಬಿರುನಾಣಿ ಕಡೆ ಪಾಠ ಮಾಡುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿಗೆ ಮರ ಮುರಿದು ಲೈನಿನ ಮೇಲೆ ಬಿದ್ದರೆ ಕರೆಂಟು ಬರಲು ದಿನಗಟ್ಟಲೆ ಕಾಯಬೇಕು. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಮಳೆ ರಜೆ ಕೊಟ್ಟ ದಿನಗಳ ಪಾಠವನ್ನು ಆಮೇಲೆ ಹೇಗಾದರೂ ತುಂಬಿಸಲೇಬೇಕು.

ಹಾಗಾಗಿ ಯಾವ ತಂತ್ರಾಂಶವೇ ಕೈಗೆ ಬರಲಿ, ನಾನು ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಇಂಟರ್‌ನೆಟ್ ಇಲ್ಲದ ದಿನ ಇದು ನಡೆಯುತ್ತದೆಯೇ? ಇದನ್ನು ಪೆನ್‌ಡ್ರೈವಿಗೆ ತುಂಬಿ ಪಕ್ಕದ ಶಾಲೆಯ ಮೇಷ್ಟ್ರಿಗೆ ಕೊಡಬಹುದೇ, ಯಾರನ್ನೂ ಕೇಳದೆ? ಮುಕ್ತ ತಂತ್ರಾಂಶ, ಮುಕ್ತ ಪರವಾನಗಿ ಎಂಬುದರ ಬೆಲೆ ನಮ್ಮ ಜಿಲ್ಲೆಯಲ್ಲಿ ಗೊತ್ತಾಗುವುದು ಇಲ್ಲೇ. ಕಾಪಿ ಮಾಡಲು ಹಕ್ಕಿರುವ ವಸ್ತು ಮಾತ್ರ ರಸ್ತೆಯ ಮೇಲೆ ಕೈಯಿಂದ ಕೈಗೆ ಸಾಗಬಲ್ಲದು. ನೆಟ್‌ವರ್ಕ್ ತಲುಪದ ಶಾಲೆಗೂ ಬಸ್ಸೋ ಜೀಪೋ ತಲುಪುತ್ತದೆ.

ನೆಟ್ ಇಲ್ಲದ ಗ್ರಂಥಾಲಯ: ಕೊಲಿಬ್ರಿಯೋ, ಕಿವಿಕ್ಸೋ?

ಇವೆರಡೂ ಇಂಟರ್‌ನೆಟ್ಟಿನ ಒಂದು ತುಂಡನ್ನು ಶಾಲೆಯೊಳಗೇ ತಂದಿಡುತ್ತವೆ, ಆದರೆ ಕೆಲಸ ಬೇರೆ ಬೇರೆ.

ಕಿವಿಕ್ಸ್ ಓದುವುದಕ್ಕೆ. ಇಡೀ ವಿಕಿಪೀಡಿಯವನ್ನು ಜಿಮ್ ಎಂಬ ಮಾದರಿಯ ಒಂದೇ ಫೈಲಿನಲ್ಲಿ ಮಡಚಿಟ್ಟು, ನೆಟ್ ಇಲ್ಲದೆ ಹುಡುಕಿ ಓದಲು ಬಿಡುತ್ತದೆ. ಚಿತ್ರಸಮೇತ ಇಂಗ್ಲಿಷ್ ವಿಕಿಪೀಡಿಯ ಸುಮಾರು 100 ಜಿಬಿ ಆಗುತ್ತದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಅದರ ಮುಂದೆ ಬಹಳ ಚಿಕ್ಕದು, 32 ಜಿಬಿಯ ಮೆಮೊರಿ ಕಾರ್ಡಿನಲ್ಲಿ ಧಾರಾಳವಾಗಿ ಹಿಡಿಸುತ್ತದೆ. ಜೊತೆಗೆ ಕನ್ನಡ ವಿಕ್ಷನರಿಯನ್ನೂ ಹಾಕಿಕೊಂಡರೆ ನಿಘಂಟೂ ಆಯಿತು. ಒಂದು ಆಂಡ್ರಾಯ್ಡ್ ಫೋನಿದ್ದರೆ ಸಾಕು, ಇವತ್ತೇ ಶುರು ಮಾಡಬಹುದು. ಕನ್ನಡ ವಿಕಿಪೀಡಿಯದ ಗುಣಮಟ್ಟ ಎಲ್ಲ ವಿಷಯದಲ್ಲೂ ಒಂದೇ ಸಮನಾಗಿಲ್ಲ. ಕೆಲವು ವಿಷಯಕ್ಕೆ ನಾಲ್ಕೇ ಸಾಲು ಸಿಗುತ್ತದೆ, ಕೆಲವು ಕಡೆ ಅನುವಾದ ಒರಟು. ಮಕ್ಕಳ ಕೈಗೆ ಕೊಡುವ ಮೊದಲು ಆ ವಾರದ ಪಾಠಕ್ಕೆ ಸಂಬಂಧಿಸಿದ ಪುಟಗಳನ್ನು ಶಿಕ್ಷಕರೇ ಒಮ್ಮೆ ಓದಿ ನೋಡುವುದು ಒಳ್ಳೆಯದು.

ಕೊಲಿಬ್ರಿ ಕಲಿಸುವುದಕ್ಕೆ. ಲರ್ನಿಂಗ್ ಈಕ್ವಾಲಿಟಿ ಎಂಬ ಲಾಭರಹಿತ ಸಂಸ್ಥೆ ಇದನ್ನು ಕಟ್ಟಿದೆ. ಖಾನ್ ಅಕಾಡೆಮಿಯ ಪಾಠಗಳನ್ನು ನೆಟ್ ಇಲ್ಲದೆ ತೋರಿಸಲು 2012ರಲ್ಲಿ ಅವರೇ ಮಾಡಿದ್ದ ಕೆಎ ಲೈಟ್‌ನ ಮುಂದುವರಿಕೆ ಇದು. ಒಂದು ಲ್ಯಾಪ್‌ಟಾಪಿಗೆ ಕೊಲಿಬ್ರಿ ಹಾಕಿ, ಬೇಕಾದ ಚಾನೆಲ್‌ಗಳನ್ನು, ಅಂದರೆ ಪಾಠಗಳ ಕಟ್ಟುಗಳನ್ನು, ಇಳಿಸಿ, ಆ ಲ್ಯಾಪ್‌ಟಾಪನ್ನು ಶಾಲೆಯ ವೈಫೈ ರೂಟರಿಗೆ ಜೋಡಿಸಿದರೆ ಮುಗಿಯಿತು. ರೂಟರಿಗೆ ಇಂಟರ್‌ನೆಟ್ ಇರಲೇಬೇಕೆಂದಿಲ್ಲ. ಮಕ್ಕಳು ಟ್ಯಾಬಿನಲ್ಲೋ ಲ್ಯಾಬಿನ ಕಂಪ್ಯೂಟರಿನಲ್ಲೋ ಬ್ರೌಸರ್ ತೆರೆದು, ಲ್ಯಾಪ್‌ಟಾಪಿನ ಐಪಿ ವಿಳಾಸ ಹೊಡೆದು ಕೊನೆಗೆ :8080 ಸೇರಿಸಿದರೆ ಪಾಠ ತೆರೆದುಕೊಳ್ಳುತ್ತದೆ. ಆ ವಿಳಾಸವನ್ನು ಕರಿಹಲಗೆಯ ಮೂಲೆಯಲ್ಲಿ ಬರೆದಿಟ್ಟುಬಿಡಿ.

ಕೊಲಿಬ್ರಿಯ ಹೆಚ್ಚುಗಾರಿಕೆ ಇರುವುದು ಶಿಕ್ಷಕರ ಪುಟದಲ್ಲಿ. ನೀವು ಒಂದು ತರಗತಿ ಮಾಡಿ, ಅದಕ್ಕೆ ಎರಡು ವಿಡಿಯೊ, ಒಂದು ಅಭ್ಯಾಸ, ಐದು ಪ್ರಶ್ನೆಯ ಕಿರುಪರೀಕ್ಷೆ ಹೊಂದಿಸಿ ಕೊಟ್ಟರೆ, ಯಾರು ಮುಗಿಸಿದರು, ಯಾರು ಯಾವ ಲೆಕ್ಕದಲ್ಲಿ ಸಿಕ್ಕಿಬಿದ್ದಿದ್ದಾರೆ ಎಂಬುದು ಅಲ್ಲೇ ಕಾಣುತ್ತದೆ. ಭಿನ್ನರಾಶಿಯ ಸಂಕಲನದಲ್ಲಿ ಅರ್ಧ ತರಗತಿ ಒಂದೇ ಕಡೆ ಎಡವುತ್ತಿದೆ ಎಂದು ಅದೇ ಪೀರಿಯಡ್‌ನಲ್ಲಿ ಗೊತ್ತಾದರೆ, ಯಂತ್ರ ಬದಿಗಿಟ್ಟು ಚಾಕ್ ಹಿಡಿಯಬಹುದು. ಕೊಲಿಬ್ರಿ ಸ್ಟುಡಿಯೊ ಎಂಬ ಜಾಲತಾಣದಲ್ಲಿ ನಿಮ್ಮದೇ ಟಿಪ್ಪಣಿಗಳ ಪಿಡಿಎಫ್, ನೀವೇ ಮಾಡಿದ ವಿಡಿಯೊ, ಆಡಿಯೊ ಸೇರಿಸಿ ಸ್ವಂತ ಚಾನೆಲ್ ಮಾಡಲೂ ಆಗುತ್ತದೆ. ಚಾನೆಲ್‌ಗಳನ್ನು ಪೆನ್‌ಡ್ರೈವಿನಿಂದಲೂ, ಅದೇ ವೈಫೈಯಲ್ಲಿರುವ ಇನ್ನೊಂದು ಕೊಲಿಬ್ರಿಯಿಂದಲೂ ತುಂಬಿಸಿಕೊಳ್ಳಬಹುದು. ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಫೈಬರ್ ಸಂಪರ್ಕ ಇರುವ ಒಂದು ಶಾಲೆ ರಾತ್ರಿ ಇಡೀ ಇಳಿಸಿಕೊಂಡರೆ, ಕ್ಲಸ್ಟರ್ ಸಮಾಲೋಚನಾ ಸಭೆಯ ದಿನ ಉಳಿದವರೆಲ್ಲ ಹಾರ್ಡ್‌ಡಿಸ್ಕಿನಲ್ಲಿ ತೆಗೆದುಕೊಂಡು ಹೋಗಬಹುದು. ಕೊಡಗಿನಂಥ ಜಿಲ್ಲೆಗೆ ಇದಕ್ಕಿಂತ ಹೊಂದುವ ವ್ಯವಸ್ಥೆ ನನಗೆ ಕಂಡಿಲ್ಲ.

ಒಬ್ಬರೋ ಇಬ್ಬರೋ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಗೆ ಕೊಲಿಬ್ರಿಯ ನಿರ್ವಹಣೆ ಹೊರೆಯಾದೀತು. ಅಲ್ಲಿ ಕಿವಿಕ್ಸ್ ಸಾಕು. ಲ್ಯಾಬ್ ಇರುವ ಪ್ರೌಢಶಾಲೆ ಮಾತ್ರ ಕೊಲಿಬ್ರಿಯನ್ನು ಬಿಡಬಾರದು.

ಇವನ್ನು ಯಾವುದರ ಮೇಲೆ ಓಡಿಸುವುದು? ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನ ಬಗ್ಗೆ ಉತ್ಸಾಹದ ಮಾತುಗಳನ್ನು ಕೇಳಿರುತ್ತೀರಿ. ಇಂಟರ್‌ನೆಟ್ ಇನ್ ಎ ಬಾಕ್ಸ್ ಎಂಬ ಯೋಜನೆ ಅದರ ಮೇಲೆ ಕಿವಿಕ್ಸ್, ಕೊಲಿಬ್ರಿ ಎರಡನ್ನೂ ಒಟ್ಟಿಗೆ ಕೂರಿಸಿಕೊಡುತ್ತದೆ, ಪವರ್ ಬ್ಯಾಂಕಿನಲ್ಲೂ ನಡೆಯುತ್ತದೆ. ಚೆನ್ನಾಗಿದೆ, ಆದರೂ ಮೊದಲ ಬಾರಿಗೆ ಶುರು ಮಾಡುವವರಿಗೆ ನನ್ನ ಸಲಹೆ ಹಳೆಯ ಲ್ಯಾಪ್‌ಟಾಪ್. ಅದರ ಬ್ಯಾಟರಿಯೇ ಯುಪಿಎಸ್, ಪರದೆ ಕೀಲಿಮಣೆ ಜೊತೆಗೇ ಇರುತ್ತವೆ, ಕೆಟ್ಟರೆ ರಿಪೇರಿ ಮಾಡುವವರು ಪಕ್ಕದ ಪೇಟೆಯಲ್ಲೇ ಸಿಗುತ್ತಾರೆ. ಯಾವುದನ್ನೇ ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಬೀಗ ಹಾಕಿದ ಕೋಣೆಯಲ್ಲಿ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ವಾರಕ್ಕೆರಡು ಸಲವಾದರೂ ಚಾಲೂ ಮಾಡಿ ಬಿಸಿಯಾಗಲು ಬಿಡಿ. ಮಾರ್ಚ್, ಏಪ್ರಿಲ್‌ನ ಹೂಮಳೆ ಗುಡುಗು ಸಿಡಿಲಿನ ಜೊತೆ ಬರುವುದರಿಂದ ಸಂಜೆ ಮನೆಗೆ ಹೊರಡುವಾಗ ಪ್ಲಗ್ಗನ್ನೂ ರೂಟರಿನ ಕೇಬಲ್ಲನ್ನೂ ಕಿತ್ತಿಟ್ಟು ಹೋಗಬೇಕು.

ದೀಕ್ಷಾ ಮತ್ತು ಕೋಯರ್

ಇವೆರಡನ್ನು ಒಂದಕ್ಕೊಂದು ಎದುರು ನಿಲ್ಲಿಸಬೇಕಾಗಿಲ್ಲ. ದೀಕ್ಷಾ 2017ರ ಶಿಕ್ಷಕರ ದಿನದಂದು ಆರಂಭವಾದ ಕೇಂದ್ರ ಸರ್ಕಾರದ ವೇದಿಕೆ. ಅದರ ತಳದಲ್ಲಿರುವ ಸನ್‌ಬರ್ಡ್ ಮುಕ್ತ ತಂತ್ರಾಂಶ. ನಮ್ಮ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆದುಕೊಳ್ಳುವುದು ಇದೇ. ಪಾಠದ ಕ್ರಮಕ್ಕೆ ಸರಿಯಾಗಿ ವಿಷಯ ಸಿಗುವುದು ಇದರ ಬಲ. ಆ್ಯಪ್‌ನಲ್ಲಿ ಮೊದಲೇ ಇಳಿಸಿಟ್ಟುಕೊಂಡದ್ದನ್ನು ನೆಟ್ ಇಲ್ಲದೆಯೂ ನೋಡಬಹುದು, ಹಾಗಾಗಿ ಮೇ ತಿಂಗಳಲ್ಲೇ ಜೂನ್, ಜುಲೈ ಪಾಠಗಳದ್ದನ್ನು ಇಳಿಸಿಟ್ಟುಕೊಳ್ಳಿ.

ಕೋಯರ್ ಎಂದರೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಬೆಳೆಸಿದ್ದು, ವಿಕಿಪೀಡಿಯದ ಹಾಗೇ ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ ನಿಂತಿದೆ. ಇಲ್ಲಿ ಬರೆದಿರುವವರಲ್ಲಿ ನಮ್ಮಂಥ ಶಿಕ್ಷಕರೇ ಹೆಚ್ಚು. ಮಕ್ಕಳಿಗೆ ತೋರಿಸಲು ದೀಕ್ಷಾ, ನೀವು ಪಾಠ ತಯಾರಿ ಮಾಡಿಕೊಳ್ಳಲು ಕೋಯರ್. ಕೆಲವು ಪುಟಗಳು ಹಳೆಯ ಪಠ್ಯಕ್ಕೆ ಬರೆದವು, ಅದನ್ನು ಗಮನಿಸಿಕೊಳ್ಳಿ.

ವಿಜ್ಞಾನ, ಗಣಿತ: ಫೆಟ್ ಮೊದಲು, ಜಿಯೋಜೀಬ್ರಾ ಆಮೇಲೆ

ಫೆಟ್ ಎಂಬುದು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಿಮ್ಯುಲೇಶನ್‌ಗಳ, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳ, ಸಂಗ್ರಹ. ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಇದನ್ನು ಆರಂಭಿಸಿದರು. ಬಹುಪಾಲು ಸಿಮ್ಯುಲೇಶನ್‌ಗಳಲ್ಲಿ ಪ್ರತಿಯೊಂದೂ ಒಂದೇ ಎಚ್‌ಟಿಎಂಎಲ್ ಫೈಲಾಗಿ ಇಳಿಯುತ್ತದೆ. ಪೆನ್‌ಡ್ರೈವಿನಲ್ಲಿಟ್ಟು ಯಾವ ಕಂಪ್ಯೂಟರಿನಲ್ಲಾದರೂ ಡಬಲ್ ಕ್ಲಿಕ್ ಮಾಡಿದರೆ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ, ಇನ್‌ಸ್ಟಾಲ್ ಮಾಡುವ ಗೊಡವೆಯಿಲ್ಲ. ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ. ಇಲ್ಲದ್ದನ್ನು ಶಿಕ್ಷಕರೇ ಅನುವಾದಿಸಿ ಸೇರಿಸಲು ಅಲ್ಲೇ ದಾರಿ ಮಾಡಿದ್ದಾರೆ.

ಹತ್ತನೇ ತರಗತಿಯ ವಿದ್ಯುತ್ ಪಾಠಕ್ಕೆ ಅದರ ಸರ್ಕ್ಯೂಟ್ ಕಟ್ಟುವ ಸಿಮ್ಯುಲೇಶನ್ ನೋಡಿ. ಖಾಲಿ ಹಲಗೆಗೆ ಒಂದು ಬ್ಯಾಟರಿ, ಎರಡು ತಂತಿ, ಒಂದು ಬಲ್ಬ್ ಎಳೆದು ತರುತ್ತೀರಿ. ಕೊನೆಯ ತಂತಿಯ ತುದಿ ಕೂಡಿದ ಕ್ಷಣ ಬಲ್ಬ್ ಹೊತ್ತುತ್ತದೆ, ತಂತಿಯೊಳಗೆ ನೀಲಿ ಚುಕ್ಕಿಗಳು ಸಾಲಾಗಿ ಚಲಿಸತೊಡಗುತ್ತವೆ. ಅವೇ ಎಲೆಕ್ಟ್ರಾನುಗಳು. ಅದೇ ದಾರಿಯಲ್ಲಿ ಇನ್ನೊಂದು ಬಲ್ಬ್ ಸೇರಿಸಿದರೆ ಎರಡೂ ಮಂಕಾಗುತ್ತವೆ, ಚುಕ್ಕಿಗಳ ಓಟ ನಿಧಾನವಾಗುತ್ತದೆ. ಬಲ್ಬ್ ತೆಗೆದು ಬ್ಯಾಟರಿಯ ಎರಡೂ ತುದಿಗೆ ಬರೀ ತಂತಿ ಹಚ್ಚಿದರೆ ಬೆಂಕಿ ಏಳುತ್ತದೆ. ಶಾರ್ಟ್ ಸರ್ಕ್ಯೂಟ್ ಎಂದರೇನೆಂದು ಆಮೇಲೆ ವಿವರಿಸಬೇಕಾಗುವುದಿಲ್ಲ. ಇದನ್ನು ತೋರಿಸಿ ನಿಲ್ಲಿಸಬೇಡಿ, ನಿಜವಾದ ಟಾರ್ಚ್ ಸೆಲ್, ತಂತಿ, ಬಲ್ಬ್ ಕೊಟ್ಟು ಮಾಡಿಸಿ. ಕಣ್ಣಿಗೆ ಕಾಣದ ಎಲೆಕ್ಟ್ರಾನನ್ನು ಪರದೆ ತೋರಿಸುತ್ತದೆ, ತುಕ್ಕು ಹಿಡಿದ ತುದಿಯನ್ನು ಉಜ್ಜದಿದ್ದರೆ ಬಲ್ಬ್ ಹೊತ್ತುವುದಿಲ್ಲ ಎಂಬುದನ್ನು ಕೈಯೇ ಕಲಿಯಬೇಕು.

ಜಿಯೋಜೀಬ್ರಾ ಗಣಿತಕ್ಕೆ, ಅದರಲ್ಲೂ ರೇಖಾಗಣಿತಕ್ಕೆ. ವೃತ್ತಕ್ಕೆ ಹೊರಬಿಂದುವಿನಿಂದ ಎರಡು ಸ್ಪರ್ಶಕ ಎಳೆದು, ಆ ಬಿಂದುವನ್ನು ಹಿಡಿದು ಎಳೆದಾಡಿದರೂ ಎರಡರ ಉದ್ದ ಸಮವಾಗಿಯೇ ಉಳಿಯುವುದನ್ನು ಕಂಡ ಮಗುವಿಗೆ ಪ್ರಮೇಯ ಬೇಗ ಹತ್ತುತ್ತದೆ. ಆಫ್‌ಲೈನ್ ಆವೃತ್ತಿಯೂ ಇದೆ. ಆದರೆ ಫೆಟ್‌ಗಿಂತ ಕಲಿಯಲು ಹೆಚ್ಚು ಹೊತ್ತು ಬೇಕು. ಪರವಾನಗಿಯೂ ಸ್ವಲ್ಪ ಬೇರೆ. 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಹುಟ್ಟಿದ ಈ ತಂತ್ರಾಂಶವನ್ನು 2021ರಲ್ಲಿ ಬೈಜೂಸ್ ಕೊಂಡುಕೊಂಡಿತು, ಉಚಿತವಾಗಿರುವುದು ವಾಣಿಜ್ಯೇತರ ಬಳಕೆಗೆ. ಶಾಲೆಯ ಪಾಠಕ್ಕೆ ಇದರಿಂದ ತೊಂದರೆಯಿಲ್ಲ, ಶುಲ್ಕ ಪಡೆಯುವ ಟ್ಯೂಷನ್ ಕೇಂದ್ರಗಳು ನಿಯಮ ಓದಿಕೊಳ್ಳಬೇಕು.

ಮನೆಮಾತಿನ ಪುಸ್ತಕ: ಸ್ಟೋರಿವೀವರ್ ಮತ್ತು ಬ್ಲೂಮ್

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಭಾಗ ಇದು. ನಮ್ಮ ಒಂದನೇ ತರಗತಿಗೆ ಬರುವ ಮಕ್ಕಳ ಮನೆಮಾತು ಎಷ್ಟು ಬಗೆ ನೋಡಿ: ಕೊಡವ, ಅರೆಭಾಷೆ, ತುಳು, ಮಲಯಾಳಂ, ಬ್ಯಾರಿ, ಯರವ, ಜೇನುಕುರುಬ, ತಮಿಳು. ಇತ್ತೀಚೆಗೆ ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಗಳಿಗೆ ಅಸ್ಸಾಮಿನಿಂದ ಬಂದ ಕುಟುಂಬಗಳ ಮಾತೂ ಸೇರಿದೆ. ತಿತಿಮತಿ, ನಾಗರಹೊಳೆ ಅಂಚಿನ ಆದಿವಾಸಿ ಹಾಡಿಯಿಂದ ಬರುವ ಮಗು ಶಾಲೆಯ ಮೊದಲ ವಾರ ಬಾಯಿಯೇ ಬಿಡದೆ ಕೂರುತ್ತದೆ. ಆ ಮಗುವಿನ ಮಾತಿನಲ್ಲಿ ನಾಲ್ಕು ಪುಟದ ಚಿತ್ರಪುಸ್ತಕ ಇದ್ದರೆ ಆ ಮೌನ ಬೇಗ ಒಡೆಯುತ್ತದೆ. ಅಂಥ ಪುಸ್ತಕವನ್ನು ಯಾವ ಪ್ರಕಾಶಕರೂ ಅಚ್ಚು ಹಾಕುವುದಿಲ್ಲ, ಓದುಗರ ಸಂಖ್ಯೆ ಅಷ್ಟಿಲ್ಲ. ನಾವೇ ಮಾಡಬೇಕು.

ಸ್ಟೋರಿವೀವರ್ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ವೇದಿಕೆ. ಅಲ್ಲಿನ ಕಥೆಗಳನ್ನು ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ ಇಳಿಸಿ, ಪ್ರಿಂಟ್ ಹಾಕಿ, ಅನುವಾದಿಸಿ ಹಂಚಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿದರೆ ಸಾಕು. ಕನ್ನಡದ ಕಥೆಗಳು ಹೇರಳವಾಗಿವೆ, ತರಗತಿಗೆ ಓದುವ ಮೂಲೆ ಮಾಡಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಆದರೆ ಹೊಸ ಪುಸ್ತಕ ಕಟ್ಟುವ ಕೆಲಸ ಆನ್‌ಲೈನಿನಲ್ಲೇ ಆಗಬೇಕು.

ಬ್ಲೂಮ್ ಅಷ್ಟಾಗಿ ಹೆಸರು ಕೇಳಿಬರದ ತಂತ್ರಾಂಶ. ಸಿಲ್ ಎಂಬ ಭಾಷಾ ಸಂಸ್ಥೆಯದ್ದು, ಮುಕ್ತ ತಂತ್ರಾಂಶ, ವಿಂಡೋಸ್ ಕಂಪ್ಯೂಟರಿನಲ್ಲಿ ನೆಟ್ ಇಲ್ಲದೆಯೇ ಓಡುತ್ತದೆ. ಕಡಿಮೆ ಜನ ಆಡುವ ಭಾಷೆಗಳಲ್ಲಿ ಪುಸ್ತಕ ಮಾಡಲೆಂದೇ ಕಟ್ಟಿದ್ದು. ಒಂದು ಪುಟ ಹೇಗೆ ಆಗುತ್ತದೆಂದು ಹೇಳುತ್ತೇನೆ. ಕಣಿಲೆ (ಎಳೆ ಬಿದಿರು) ಕೀಳುವ ಚಿತ್ರವನ್ನು ಮಕ್ಕಳಿಂದಲೇ ಬಿಡಿಸಿ, ಫೋನಿನಲ್ಲಿ ಫೋಟೊ ತೆಗೆದು ಪುಟದ ಮೇಲ್ಭಾಗಕ್ಕೆ ಹಾಕಿ. ಕೆಳಗೆ ಮಗು ಹೇಳಿದ ವಾಕ್ಯವನ್ನು ಅದರದ್ದೇ ಮಾತಿನಲ್ಲಿ, ಕನ್ನಡ ಲಿಪಿಯಲ್ಲಿ ಬರೆಯಿರಿ. ಅದರಡಿ ಕನ್ನಡ ವಾಕ್ಯ. ಬ್ಲೂಮ್‌ನಲ್ಲಿ ಒಂದೇ ಪುಟಕ್ಕೆ ಎರಡು ಭಾಷೆ ಜೋಡಿಸುವ ಏರ್ಪಾಡು ಮೊದಲೇ ಇದೆ. ಆಮೇಲೆ ಹಾಡಿಯ ಹಿರಿಯರೊಬ್ಬರನ್ನು ಕೂರಿಸಿ ವಾಕ್ಯ ವಾಕ್ಯವಾಗಿ ಧ್ವನಿಮುದ್ರಿಸಿ. ಫೋನಿನಲ್ಲಿ ಬ್ಲೂಮ್ ರೀಡರ್ ಆ್ಯಪ್ ಮೂಲಕ ತೆರೆದರೆ, ಅಜ್ಜನ ದನಿ ಕೇಳುತ್ತಿದ್ದಂತೆ ಆ ವಾಕ್ಯಕ್ಕೆ ಬಣ್ಣ ಬರುತ್ತದೆ. ಪ್ರಿಂಟ್ ಬೇಕೆಂದರೆ ಎ4 ಹಾಳೆಯನ್ನು ಮಡಚಿ ನಡುವೆ ಪಿನ್ ಹೊಡೆಯುವಂತೆ ಪುಟಗಳನ್ನು ತಾನೇ ಹಿಂದೆ ಮುಂದೆ ಜೋಡಿಸಿಕೊಡುತ್ತದೆ.

ಸಿದ್ಧ ಕಥೆ ಬೇಕಾದಾಗ ಸ್ಟೋರಿವೀವರ್, ನಮ್ಮದೇ ಕಥೆ ಮಾಡಲು ಬ್ಲೂಮ್. ಕೊಡವ, ಅರೆಭಾಷೆಯ ಪದ ಹೇಗೆ ಬರೆಯುವುದೆಂದು ಅನುಮಾನ ಬಂದರೆ ಮಡಿಕೇರಿಯಲ್ಲಿರುವ ಆ ಎರಡು ಭಾಷೆಗಳ ಅಕಾಡೆಮಿಗಳ ಪುಸ್ತಕ ನೋಡಿ. ಅಜ್ಜಿ ಹೇಳಿದ ಕಥೆ ಎಲ್ಲರದ್ದು, ಆದರೆ ಅಚ್ಚಾದ ಪುಸ್ತಕದಿಂದ ಹಾಗೇ ನಕಲು ತೆಗೆಯಬೇಡಿ, ಅದಕ್ಕೆ ಹಕ್ಕುದಾರರಿರುತ್ತಾರೆ. ಹಿರಿಯರ ದನಿ ಬಳಸುವಾಗ ಅದು ಎಲ್ಲೆಲ್ಲಿ ಹೋಗುತ್ತದೆಂದು ಅವರಿಗೆ ವಿವರಿಸಿ ಒಪ್ಪಿಗೆ ಪಡೆಯಿರಿ, ಅವರ ಹೆಸರನ್ನು ಮುಖಪುಟದಲ್ಲೇ ಹಾಕಿ.

ತರಗತಿ ನಿರ್ವಹಣೆ: ಮೂಡಲ್, ಗೂಗಲ್ ಕ್ಲಾಸ್‌ರೂಮ್, ವಾಟ್ಸಾಪ್

ಇದನ್ನು ಬೇಗ ಮುಗಿಸುತ್ತೇನೆ. ಮೂಡಲ್ ಪಾಠ, ಕ್ವಿಜ್‌ಗಳನ್ನು ಜಾಲತಾಣದಲ್ಲಿ ನಡೆಸಲು 2002ರಿಂದ ಇರುವ ಗಟ್ಟಿ ಮುಕ್ತ ತಂತ್ರಾಂಶ. ಅದರ ಮೊಬೈಲ್ ಆ್ಯಪ್‌ನಲ್ಲಿ ನೆಟ್ ಇಲ್ಲದಾಗಲೂ ಪಾಠ ಓದಿ, ಅನುಮತಿ ಕೊಟ್ಟಿದ್ದರೆ ಕ್ವಿಜ್ ಬರೆದು, ನೆಟ್ ಬಂದಾಗ ಕಳಿಸಬಹುದು. ಆದರೆ ಸರ್ವರ್ ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು. ಪದವಿ ಕಾಲೇಜಿಗೋ, ಕೂಡಿಗೆಯ ಡಯಟ್‌ನಂಥ ಶಿಕ್ಷಕ ತರಬೇತಿ ಸಂಸ್ಥೆಗೋ ಇದು ಸರಿ, ಒಂದೊಂದು ಶಾಲೆ ಒಂಟಿಯಾಗಿ ಹೊರಬೇಕಾದ ಭಾರ ಇದಲ್ಲ. ಗೂಗಲ್ ಕ್ಲಾಸ್‌ರೂಮ್ ಮುಕ್ತವಲ್ಲ, ಆದರೆ ಸುಲಭ. ನೆಟ್ ಚೆನ್ನಾಗಿರುವ ಪಟ್ಟಣದ ಶಾಲೆ ಈಗಾಗಲೇ ಬಳಸುತ್ತಿದ್ದರೆ ಬಿಡಿಸಬೇಕಾಗಿಲ್ಲ. ವರ್ಷದ ಕೊನೆಗೆ ನಿಮ್ಮ ಪಾಠ, ಪ್ರಶ್ನೆಪತ್ರಿಕೆಗಳನ್ನೆಲ್ಲ ಇಳಿಸಿ ಶಾಲೆಯ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಳ್ಳಿ.

ವಾಟ್ಸಾಪ್ ಗುಂಪು ಪೋಷಕರಿಗೆ ಸೂಚನೆ ಕೊಡಲು ಸಾಕು, ಪಾಠ ನಡೆಸಲು ಸಾಲದು. ಫೋಟೊಗಳ ರಾಶಿಯಲ್ಲಿ ಮನೆಕೆಲಸ ಕಳೆದುಹೋಗುತ್ತದೆ, ಎಲ್ಲರ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಕೇಳುತ್ತದೆ. ಯಾವುದೋ ಹೊಸ ಆ್ಯಪ್ ಮಕ್ಕಳ ಹೆಸರು, ಹುಟ್ಟಿದ ದಿನ, ಫೋಟೊ ಕೇಳಿದರೆ ಅಲ್ಲೇ ನಿಂತು ಯೋಚಿಸಿ. ಕೊಲಿಬ್ರಿಯಲ್ಲಿ ಮಗುವಿಗೆ ರೋಲ್ ನಂಬರನ್ನೇ ಹೆಸರಾಗಿ ಕೊಟ್ಟರೂ ನಡೆಯುತ್ತದೆ.

ಎಐ ಬಗ್ಗೆ ಸದ್ಯಕ್ಕೆ ಇಷ್ಟು

ಪಾಠಯೋಜನೆಯ ಕರಡು, ಪ್ರಶ್ನೆಗಳ ಕರಡು ಮಾಡಿಸಿಕೊಳ್ಳಲು ಚಾಟ್‌ಬಾಟ್‌ಗಳು ಕೆಲಸಕ್ಕೆ ಬರುತ್ತವೆ. ಪ್ರತಿ ಸಾಲನ್ನೂ ಪಠ್ಯಪುಸ್ತಕದ ಜೊತೆ ತಾಳೆ ನೋಡಿಯೇ ತರಗತಿಗೆ ಒಯ್ಯಬೇಕು. ಮುಕ್ತ ಮಾದರಿಗಳಲ್ಲಿ ಐಐಟಿ ಮದ್ರಾಸ್‌ನ ಎಐ4ಭಾರತ್ ತಂಡ 2023ರಲ್ಲಿ ಬಿಡುಗಡೆ ಮಾಡಿದ ಇಂಡಿಕ್‌ಟ್ರಾನ್ಸ್2 ಅನುವಾದಕ್ಕೆ ಗಮನಿಸಬೇಕಾದದ್ದು. ಅದು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೆ ಮಾಡಿದ್ದು. ಅಸ್ಸಾಮಿ ಆ ಪಟ್ಟಿಯಲ್ಲಿದೆ, ಹಾಗಾಗಿ ಲೈನ್‌ಮನೆಯ ಪೋಷಕರಿಗೆ ಪುಟ್ಟ ಸೂಚನೆ ಬರೆಯಲು ನೆರವಾದೀತು, ಆ ಭಾಷೆ ಬಲ್ಲವರೊಬ್ಬರು ಓದಿ ನೋಡುವುದಾದರೆ. ಕೊಡವ, ತುಳು, ಅರೆಭಾಷೆ, ಯರವ ಆ ಪಟ್ಟಿಯಲ್ಲಿಲ್ಲ. ಈ ಭಾಷೆಗಳ ಕೆಲಸಕ್ಕೆ ಬ್ಲೂಮ್ ಮತ್ತು ಊರಿನ ಹಿರಿಯರೇ ಗತಿ.

ಲ್ಯಾಬಿನ ಹಳೆಯ ಕಂಪ್ಯೂಟರುಗಳು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯಿತು. ಹಲವು ಲ್ಯಾಬುಗಳ ಯಂತ್ರಗಳಿಗೆ ವಿಂಡೋಸ್ 11 ಹಿಡಿಸುವುದಿಲ್ಲ. ಅವನ್ನು ಮೂಲೆಗೆ ಹಾಕುವ ಮೊದಲು ವಿಂಡೋಸ್ ಜಾಗದಲ್ಲಿ ಓಡುವ ಮುಕ್ತ ತಂತ್ರಾಂಶ ಲಿನಕ್ಸ್ ಪ್ರಯತ್ನಿಸಿ. ಮಾಕುಟ್ಟ ಘಾಟಿ ಇಳಿದರೆ ಸಿಗುವ ಕೇರಳದ ಸರ್ಕಾರಿ ಶಾಲೆಗಳಲ್ಲಿ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಶುರುವಾಯಿತು, ಮುಂದಿನ ವರ್ಷಗಳಲ್ಲಿ ಅಲ್ಲಿನ ಲ್ಯಾಬುಗಳು ಲಿನಕ್ಸ್‌ಗೆ ಬಂದವು. ಇದು ಶಾಲೆಗೆ ಆಗದ ಕೆಲಸ ಎನ್ನುವವರಿಗೆ ಆ ಉದಾಹರಣೆ ಸಾಕು.

4 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಹೊಸ ಯಂತ್ರಗಳಿದ್ದರೆ 2023ರಲ್ಲಿ ಮತ್ತೆ ಜೀವ ಪಡೆದ ಎಡುಬುಂಟು ನೋಡಬಹುದು, ಶಾಲೆಗೆ ಬೇಕಾದವೆಲ್ಲ ಮೊದಲೇ ತುಂಬಿರುತ್ತವೆ. ಲಿಬ್ರೆಆಫೀಸ್ ಎರಡರಲ್ಲೂ ಇದೆ. ಕನ್ನಡ ಟೈಪಿಂಗ್ ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡ್‌ನಲ್ಲೇ ಆಗಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಪ್ರಶ್ನೆಪತ್ರಿಕೆಗಳು ಬ್ಲೂಮ್‌ನಲ್ಲಾಗಲಿ ಬ್ರೌಸರಿನಲ್ಲಾಗಲಿ ಅಕ್ಷರವಾಗಿ ಕಾಣುವುದಿಲ್ಲ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ.

ಎಲ್ಲ ಯಂತ್ರವನ್ನೂ ಒಟ್ಟಿಗೆ ಬದಲಿಸಲು ಹೋಗಬೇಡಿ. ಪೆನ್‌ಡ್ರೈವಿನಿಂದಲೇ ಲಿನಕ್ಸ್ ಚಾಲೂ ಮಾಡಿ, ವೈಫೈ, ಸೌಂಡು, ಪ್ರೊಜೆಕ್ಟರು ಸರಿಯಾಗಿ ನಡೆಯುತ್ತವೆಯೇ ನೋಡಿ, ಆಮೇಲೆ ಒಂದೊಂದಾಗಿ ಹಾಕಿ. ಬ್ಲೂಮ್‌ಗಾಗಿ ಒಂದು ವಿಂಡೋಸ್ ಯಂತ್ರ ಉಳಿಸಿಕೊಳ್ಳಿ. ಕಚೇರಿಯ ಪ್ರಿಂಟರು, ಮಕ್ಕಳ ದಾಖಲೆಗಳು ಇರುವ ಯಂತ್ರವನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಿ, ಅದೂ ಬೇಸಿಗೆ ರಜೆಯಲ್ಲಿ, ಫೈಲುಗಳ ಎರಡು ಪ್ರತಿ ಬೇರೆ ಬೇರೆ ಕಡೆ ತೆಗೆದಿಟ್ಟ ಮೇಲೆ.